ಭತ್ತದ ತೇವಾಂಶಕ್ಕೊಂದು ಹಿಸ್ಟೋಗ್ರಾಂ: ಎಕ್ಸೆಲ್‌ನಲ್ಲಿ 17ರ ಗೆರೆ ಸರಿಯಾಗಿ ಬೀಳಬೇಕಾದರೆ

ಗಂಗಾವತಿ ಕಡೆ ಮುಂಗಾರಿನ ಭತ್ತ ಕಟಾವಿಗೆ ಬಂತೆಂದರೆ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಬಿಡುವಿಲ್ಲ. ಗಾಡಿ ಬಂದಂತೆ ಲಾಟು ನಂಬರ್, ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ತೋರಿಸಿದ ಅಂಕಿ, ಚೀಲದ ಲೆಕ್ಕ ಎಲ್ಲವೂ ಎಕ್ಸೆಲ್‌ಗೆ ಹೋಗುತ್ತದೆ. ಸಂಜೆ ಸಾಹುಕಾರರು ಕೇಳುವುದು ಒಂದೇ: "ಇವತ್ತು ಮಾಯಿಶ್ಚರ್ ಹೆಂಗೈತಪಾ?" ಸರಾಸರಿ ಶೇಕಡಾ 18 ಎಂದರೆ ಅದು ಉತ್ತರವೇ ಅಲ್ಲ. ಹಾರ್ವೆಸ್ಟರ್‌ನಿಂದ ನೇರ ಟ್ರ್ಯಾಕ್ಟರ್‌ಗೆ ಸುರಿದು ತಂದ ಭತ್ತ 21, 22 ತೋರಿಸುತ್ತದೆ; ಹರವಿ ಬಿಸಿಲು ಕಾಣಿಸಿದ್ದು 14, 15. ಎರಡನ್ನೂ ಕೂಡಿಸಿ ಭಾಗಿಸಿದರೆ 18 ಬರುತ್ತದೆ, ಆದರೆ 18ರ ಭತ್ತ ಅಂಗಳದಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದನ್ನು ಕಣ್ಣಿಗೆ ಕಾಣಿಸುವುದು ಹಿಸ್ಟೋಗ್ರಾಂ, ಅಂದರೆ ಎಷ್ಟರಿಂದ ಎಷ್ಟರವರೆಗಿನ ಅಂಕಿ ಎಷ್ಟು ಸಲ ಬಂತೆಂದು ಕಂಬಗಳಲ್ಲಿ ತೋರಿಸುವ ಚಿತ್ರ.

ಮೊದಲು ಅಂಕಿ ಶುದ್ಧವಾಗಿರಲಿ. ಎ ಕಾಲಂನಲ್ಲಿ ಲಾಟು, ಬಿಯಲ್ಲಿ ತೇವಾಂಶ, ಸಿಯಲ್ಲಿ ಚೀಲ. ಒಬ್ಬರು 17.5 ಎಂದೂ ಇನ್ನೊಬ್ಬರು 17.5% ಎಂದೂ ಹೊಡೆದರೆ ಎರಡನೆಯದನ್ನು ಎಕ್ಸೆಲ್ 0.175 ಎಂದು ಇಟ್ಟುಕೊಳ್ಳುತ್ತದೆ, ಚಿತ್ರದಲ್ಲಿ ಸೊನ್ನೆಯ ಹತ್ತಿರ ಒಂದು ಕಂಬ ಏಳುತ್ತದೆ. ಸೆಲ್ಲಿನ ಎಡಕ್ಕೆ ಅಂಟಿ ಕೂತ ಅಂಕಿ ಅಂಕಿಯಲ್ಲ, ಬರೀ ಅಕ್ಷರ. ಅದು ಲೆಕ್ಕಕ್ಕೇ ಬರುವುದಿಲ್ಲ.

ಎಕ್ಸೆಲ್ 2016 ಅಥವಾ ಆಮೇಲಿನದಾದರೆ ಬಿ ಕಾಲಂ ಆಯ್ದುಕೊಂಡು ಇನ್ಸರ್ಟ್‌ಗೆ ಹೋಗಿ, ಸ್ಟ್ಯಾಟಿಸ್ಟಿಕ್ ಚಾರ್ಟ್‌ನಲ್ಲಿ ಹಿಸ್ಟೋಗ್ರಾಂ ಒತ್ತಿ. ಚಿತ್ರ ಬಂತು. ಬಹಳ ಜನ ಇಲ್ಲಿಗೇ ಬಿಡುತ್ತಾರೆ, ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ಕಂಬದ ಅಗಲವನ್ನು ಎಕ್ಸೆಲ್ ತಾನೇ ಆರಿಸಿರುತ್ತದೆ. ಅದಕ್ಕೆ ಬಳಸುವುದು 1979ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಕಾಟ್ ಕೊಟ್ಟ ಸೂತ್ರ: ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 3.5ರಿಂದ ಗುಣಿಸಿ, ಒಟ್ಟು ಲಾಟುಗಳ ಘನಮೂಲದಿಂದ ಭಾಗಿಸುವುದು. ಅಂಕಿಗಳೆಲ್ಲ ನಡುವೆ ಒಂದೇ ದಿಬ್ಬವಾಗಿ ಗುಂಪುಗೂಡಿದ್ದರೆ ಇದು ಒಳ್ಳೆಯ ಸೂತ್ರ. ನಮ್ಮದು ಹಸಿ ಒಂದು ಗುಂಪು, ಒಣ ಒಂದು ಗುಂಪು. ಚದುರುವಿಕೆ ದೊಡ್ಡದಾದಂತೆ ಕಂಬವೂ ಅಗಲವಾಗಿ, ನಡುವಿನ ಹಳ್ಳ ಮುಚ್ಚಿಹೋಗುತ್ತದೆ. ನೋಡಬೇಕಾದದ್ದೇ ಆ ಹಳ್ಳ.

ಹಾಗಾಗಿ ಕೆಳಗಿನ ಅಂಕಿಗಳ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆಕ್ಸಿಸ್ ತೆರೆಯಿರಿ. ಬಿನ್ ವಿಡ್ತ್, ಅಂದರೆ ಕಂಬದ ಅಗಲ, 1 ಕೊಡಿ. ಇಷ್ಟೇ ಕೊಟ್ಟರೆ ಸಾಲದು. ಎಕ್ಸೆಲ್ ಮೊದಲ ಕಂಬವನ್ನು ಇರುವುದರಲ್ಲೇ ಕಡಿಮೆ ಅಂಕಿಯಿಂದ ಎಬ್ಬಿಸುತ್ತದೆ. ಆ ದಿನದ ಕನಿಷ್ಠ 12.4 ಇದ್ದರೆ ಕಂಬಗಳು 12.4ರಿಂದ 13.4, ಹಾಗೇ ಮುಂದೆ 16.4ರಿಂದ 17.4. ಸರ್ಕಾರದ ಖರೀದಿಗೆ ಭತ್ತದ ತೇವಾಂಶ ಶೇಕಡಾ 17 ಮೀರಬಾರದು. ಆ 17 ಒಂದು ಕಂಬದ ಹೊಟ್ಟೆಯೊಳಗೆ ಹೂತುಹೋದರೆ ಪಾಸಾದ ಲಾಟು, ಪಾಸಾಗದ ಲಾಟು ಒಂದರಲ್ಲೇ ಬೆರೆತುಬಿಡುತ್ತವೆ.

ಇದಕ್ಕೆ ಮದ್ದು ಅಲ್ಲೇ ಕೆಳಗಿರುವ ಅಂಡರ್‌ಫ್ಲೋ ಬಿನ್. ಅದಕ್ಕೆ ಟಿಕ್ ಹಾಕಿ 13 ಕೊಡಿ, ಓವರ್‌ಫ್ಲೋ ಬಿನ್‌ಗೆ 23. ಈಗ 13ರವರೆಗಿನದ್ದೆಲ್ಲ ಒಂದು ಕಂಬ, ಮುಂದೆ 13–14, 14–15, ಕೊನೆಗೆ 23 ದಾಟಿದ್ದೆಲ್ಲ ಒಂದು. ಕೆಳಗೆ (16, 17] ಎಂದು ಕಾಣುತ್ತದಲ್ಲ, ದುಂಡು ಕಂಸದ ಕಡೆಯ 16 ಇದರಲ್ಲಿ ಸೇರಿಲ್ಲ, ಚೌಕ ಕಂಸದ ಕಡೆಯ 17 ಸೇರಿದೆ. ಸರಿಯಾಗಿ 17.0 ಬಂದ ರೈತನ ಲಾಟು ಪಾಸಾದ ಕಡೆಗೇ ನಿಲ್ಲುತ್ತದೆ. ಹಾಗೇ ಆಗಬೇಕು.

ಹಳೇ ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಇದ್ದವರು ಡಿ2ರಿಂದ ಡಿ12ರವರೆಗೆ 13, 14, ಹೀಗೆ 23ರ ತನಕ ಬರೆಯಿರಿ. ಇ2ರಿಂದ ಇ13 ಆಯ್ದುಕೊಂಡು =ಫ್ರೀಕ್ವೆನ್ಸಿ(ಬಿ2:ಬಿ181,ಡಿ2:ಡಿ12) ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಲಿಬ್ರೆ ಆಫೀಸ್‌ನಲ್ಲಿ ಅಲ್ಪವಿರಾಮದ ಜಾಗಕ್ಕೆ ಅರ್ಧವಿರಾಮ ಬೇಕಾಗಬಹುದು. ಇ ಕಾಲಂ ಒಂದು ಸೆಲ್ ಹೆಚ್ಚಿರುವುದು 23 ದಾಟಿದವುಗಳಿಗೆ. ಇದಕ್ಕೆ ಕಾಲಂ ಚಾರ್ಟ್ ಹಾಕಿ, ಕಂಬಗಳ ನಡುವಿನ ಗ್ಯಾಪ್ ಸೊನ್ನೆ ಮಾಡಿ. ಹಿಸ್ಟೋಗ್ರಾಂನಲ್ಲಿ ಕಂಬಗಳು ತಾಗಿಯೇ ನಿಲ್ಲಬೇಕು. ಗೂಗಲ್ ಶೀಟ್ಸ್‌ನಲ್ಲಿ ಚಾರ್ಟ್ ಟೈಪ್ ಹಿಸ್ಟೋಗ್ರಾಂ ಮಾಡಿ, ಕಸ್ಟಮೈಸ್‌ನಲ್ಲಿ ಬಕೆಟ್ ಸೈಜ್ 1 ಕೊಡಿ.

ಇನ್ನೊಂದು ಮಾತು, ಮಿಲ್ಲಿನವರಿಗೆ ಇದೇ ಮುಖ್ಯ. ಹಿಸ್ಟೋಗ್ರಾಂ ಲಾಟು ಎಣಿಸುತ್ತದೆ, ಚೀಲ ಎಣಿಸುವುದಿಲ್ಲ. 20 ಚೀಲದ ಲಾಟಿಗೂ 200 ಚೀಲದ ಲಾಟಿಗೂ ಒಂದೇ ಓಟು. ಡ್ರೈಯರ್‌ಗೆ ಎಷ್ಟು ಹೋಗಬೇಕು ಎಂಬುದಕ್ಕೆ ಚೀಲದ ಲೆಕ್ಕವೇ ಬೇಕು. ಎಫ್3ರಲ್ಲಿ =ಸಮ್‌ಇಫ್ಸ್(ಸಿ$2:ಸಿ$181,ಬಿ$2:ಬಿ$181,">"&ಡಿ2,ಬಿ$2:ಬಿ$181,"<="&ಡಿ3) ಎಂದು ಇಂಗ್ಲಿಷ್‌ನಲ್ಲೇ ಹೊಡೆದು ಎಫ್12ರ ತನಕ ಕೆಳಗೆ ಎಳೆಯಿರಿ. ತುದಿಯ ಎರಡಕ್ಕೆ, ಅಂದರೆ 13ರವರೆಗಿನದ್ದಕ್ಕೂ 23 ದಾಟಿದ್ದಕ್ಕೂ, ಒಂದೊಂದೇ ಷರತ್ತು ಸಾಕು. ಲಾಟಿನ ಚಿತ್ರ, ಚೀಲದ ಚಿತ್ರ ಎರಡನ್ನೂ ಪಕ್ಕಪಕ್ಕ ಇಡಿ. ಹಸಿ ದಿಬ್ಬ ಎಷ್ಟೋ ಸಲ ಚೀಲದ ಲೆಕ್ಕದಲ್ಲಿ ಇನ್ನೂ ಎತ್ತರ ಕಾಣುತ್ತದೆ.

16–17ರ ಕಂಬ ಮುಗಿಲಿಗೆ ಎದ್ದು, ಪಕ್ಕದ 17–18 ಖಾಲಿ ಹೊಡೆಯುತ್ತಿದ್ದರೆ ಮೀಟರ್ ಓದುವವರನ್ನು ಕೇಳಿ. 17.3ನ್ನು 17 ಎಂದು ಬರೆದಿರಬಹುದು. ಬಿನ್ ವಿಡ್ತ್ ಅನ್ನು ಸ್ವಲ್ಪ ಹೊತ್ತಿಗೆ ಮಾತ್ರ 0.5ಕ್ಕೆ ಇಳಿಸಿ ನೋಡಿ: ಒಂದು ಕಂಬ ಬಿಟ್ಟು ಒಂದು ಖಾಲಿ ಬಂದರೆ ದಶಾಂಶ ಬರೆದೇ ಇಲ್ಲ ಎಂದರ್ಥ. ಆಗ ಆ ಲಾಟುಗಳ ಮಾದರಿ ತೆಗೆದು ಇನ್ನೊಮ್ಮೆ ಮೀಟರ್‌ಗೆ ಹಾಕಿಸುವುದು ರೈತನಿಗೂ ಮಿಲ್ಲಿಗೂ ನ್ಯಾಯ.

13, 23, 1 ಎಂಬ ಮೂರು ಅಂಕಿಗಳನ್ನು ಸೀಸನ್ ಮುಗಿಯುವವರೆಗೆ ಬದಲಿಸಬೇಡಿ. ಬದಲಿಸಿದರೆ ನಿನ್ನೆಯ ಚಿತ್ರದ ಪಕ್ಕ ಇವತ್ತಿನದನ್ನು ಇಟ್ಟು ಹೋಲಿಸಲು ಬರುವುದಿಲ್ಲ.