ಮದ್ದುಸೊಪ್ಪಿನಿಂದ ಜಿಂಕ್ ಆಕ್ಸೈಡ್: ನನ್ನ ಅನುಭವ

ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ರ ಆಸುಪಾಸು ಬಂತೆಂದರೆ ಕೊಡಗಿನ ಮನೆಗಳಲ್ಲಿ ಮದ್ದುಪಾಯಸ. ಅಂದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ. ಜಿಂಕ್ ಆಕ್ಸೈಡಿನ ನ್ಯಾನೊ ಕಣ, ಅಂದರೆ ಅತಿ ಸೂಕ್ಷ್ಮ ಕಣ, ಮಾಡಲು ನಾನು ಇದೇ ಸೊಪ್ಪು ಹಿಡಿದದ್ದು ಅದಕ್ಕಲ್ಲ. ತೋಟದ ಬದಿಯಲ್ಲೇ ಸಿಗುತ್ತದೆ, ಲೋಹವನ್ನು ಹಿಡಿಯಬಲ್ಲ ಪಾಲಿಫೀನಾಲಿನಂಥ ಫೀನಾಲಿಕ್ ಅಂಶವೂ ಇದೆ.

ಎಲೆ ತೊಳೆದು ಡಿಸ್ಟಿಲ್ಡ್ ನೀರಿನಲ್ಲಿ ಕಾಯಿಸಿದರೆ ಕಡು ನೇರಳೆ ರಸ. ಸೋಸಿ, 0.1 ಮೋಲಾರ್ ಜಿಂಕ್ ನೈಟ್ರೇಟ್‌ಗೆ ಬೆರೆಸಿ, 70 ಡಿಗ್ರಿಯಲ್ಲಿ ಕಲಕುತ್ತ ಸೋಡಿಯಂ ಹೈಡ್ರಾಕ್ಸೈಡ್ ಹನಿಸಬೇಕು. ಮಡಿಕೇರಿಯ ಮಳೆ ಕಾಡುವುದು ಇಲ್ಲೇ. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ತಕ್ಕಡಿಗೆ ಹಾಕಿದ ಕೂಡಲೇ ಗಾಳಿಯ ತೇವ ಹೀರಿ ಬೆವರಿ ಹೊಳೆಯುತ್ತವೆ, ತೂಕದ ಕೊನೆಯ ಅಂಕಿ ನಿಲ್ಲದೆ ಏರುತ್ತಲೇ ಇರುತ್ತದೆ. ಹಾಗಾಗಿ ತೂಕ ನಂಬದೆ, ದ್ರಾವಣ ಮಾಡಿ ಟೈಟ್ರೇಶನ್‌ನಿಂದಲೇ ಸಾಂದ್ರತೆ ಗೊತ್ತುಮಾಡಿಕೊಳ್ಳುತ್ತೇನೆ.

ತಳದ ಗಷ್ಟನ್ನು ಸೆಂಟ್ರಿಫ್ಯೂಜ್ ಮಾಡಿ, ನೀರು, ಎಥನಾಲ್‌ನಲ್ಲಿ ತೊಳೆದು, ಒಣಗಿಸಿ, 400 ಡಿಗ್ರಿ ಕುಲುಮೆಗೆ. ತೆಗೆದಾಗ ಪುಡಿ ನಿಂಬೆಹಳದಿ. ಆರುತ್ತ ಆರುತ್ತ ಕಣ್ಣೆದುರೇ ಬೆಳ್ಳಗಾಗುತ್ತದೆ. ಬಿಸಿ ಜಿಂಕ್ ಆಕ್ಸೈಡ್‌ನ ಗುಣವೇ ಅದು. ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ 31.8, 34.4, 36.3 ಡಿಗ್ರಿ ಕೋನಗಳಲ್ಲಿ ವುರ್ಟ್ಸೈಟ್‌ನ, ಅಂದರೆ ಜಿಂಕ್ ಆಕ್ಸೈಡಿನ ಸ್ಫಟಿಕ ರಚನೆಯ, ಮೂರು ಗೆರೆ ಬಂದರೆ ಸರಿ. ಈ ಗೆರೆಗಳ ಅಗಲದಿಂದ ಲೆಕ್ಕ ಹಾಕುವ ಶೆರರ್ ಸೂತ್ರ ಕೊಡುವುದು ಸ್ಫಟಿಕದ ಗಾತ್ರ, ಕಣದ್ದಲ್ಲ; ಕಣಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಎಲೆಯ ಪಾಲಿಫೀನಾಲ್ ಸತುವನ್ನು (ಜಿಂಕ್) ಅಪಕರ್ಷಿಸುತ್ತದೆ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡುತ್ತದೆ ಎಂದು ಎಷ್ಟೋ ಪ್ರಬಂಧಗಳು ಬರೆಯುತ್ತವೆ. ಅಯಾನು ಲೋಹವಾಗಿ ಬದಲಾಗುವ ಬೆಳ್ಳಿಗಾದರೆ ಸೈ. ಇಲ್ಲಿ ನೈಟ್ರೇಟ್‌ನಲ್ಲೂ ಆಕ್ಸೈಡ್‌ನಲ್ಲೂ ಸತು +2 ಆಗಿಯೇ ಇದೆ, ಅಪಕರ್ಷಣೆಯ ಮಾತೆಲ್ಲಿ? ಎಲೆ ಸತುವನ್ನು ಹಿಡಿದು ಕಣ ಬೆಳೆಯುವ ರೀತಿಯನ್ನು ತಿದ್ದೀತು, ಅಷ್ಟೆ. 400 ಡಿಗ್ರಿಯಲ್ಲಿ ಕಣಕ್ಕೆ ಅಂಟಿದ ಎಲೆಯಂಶದ ಹೊದಿಕೆಯೂ ಬಹುಪಾಲು ಸುಟ್ಟುಹೋಗುತ್ತದೆ. ಆಮೇಲೂ ಗಿಡದ ಔಷಧಿ ಗುಣ ಪುಡಿಯಲ್ಲಿದೆ ಎನ್ನುವುದು ನನಗಂತೂ ಒಪ್ಪಿಗೆಯಾಗದು.

ಆದ್ದರಿಂದ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಸಿದ ಅಗಾರ್ ಜೆಲ್ಲಿಯ ತಟ್ಟೆಯಲ್ಲಿ ನಮ್ಮ ಪುಡಿಯ ಜೊತೆಗೆ ಬರೀ ಎಲೆರಸ, ಬರೀ ಜಿಂಕ್ ನೈಟ್ರೇಟ್, ಎಲೆಯಿಲ್ಲದೆ ಮಾಡಿದ ಜಿಂಕ್ ಆಕ್ಸೈಡ್ ಮೂರನ್ನೂ ಇಟ್ಟೆ. ಜಿಂಕ್ ನೈಟ್ರೇಟ್ ಸುತ್ತಲೂ ಬ್ಯಾಕ್ಟೀರಿಯಾ ಬೆಳೆಯದ ಸ್ಪಷ್ಟ ವಲಯ ಬಂತು. ಸತುವಿನ ಅಯಾನೇ ಬ್ಯಾಕ್ಟೀರಿಯಾ ಕೊಲ್ಲಬಲ್ಲದು. ಕರಗದ ಪುಡಿ ಅಗಾರ್‌ನಲ್ಲಿ ಅಷ್ಟು ದೂರ ಹರಿಯುವುದೂ ಇಲ್ಲ. ಈಗ ವಲಯ ಅಳೆಯುವುದು ಬಿಟ್ಟು, ದ್ರವ ಮಾಧ್ಯಮದಲ್ಲಿ ಕನಿಷ್ಠ ಪ್ರತಿಬಂಧಕ ಸಾಂದ್ರತೆ, ಅಂದರೆ ಬೆಳವಣಿಗೆ ತಡೆಯುವ ಅತಿ ಕಡಿಮೆ ಪ್ರಮಾಣ, ನೋಡುತ್ತಿದ್ದೇನೆ. ಚರ್ಮದ ಕೋಶಗಳ ಮೇಲಿನ ವಿಷತ್ವ ಪರೀಕ್ಷೆ ಆಗುವವರೆಗೆ ಮುಲಾಮಿನ ಮಾತು ಎತ್ತುವುದಿಲ್ಲ.