ಮನೆಯೊಳಗೆ ಮೆಣಸಿನಕಾಯಿ ಸಸಿ: ಬೀಜದಿಂದ ನಾಟಿಯವರೆಗೆ

ಮೆಣಸಿನಕಾಯಿ ಬೀಜ ಮೊಳೆಯಲು ಬಿಸುಪು ಬೇಕು; ಮೊಳೆತ ಸಸಿ ಬದುಕಲು ಬೆಳಕು ಬೇಕು. ಮನೆಯೊಳಗೆ ಸಸಿ ಬೆಳೆಸಲು ಹೊರಟವರು ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಈ ಎರಡರ ನಡುವಿನ ಒಂದೆರಡು ದಿನಗಳಲ್ಲಿ. ಬೀಜ ಮಣ್ಣು ಸೀಳಿ ಮೇಲೆ ಬಂದ ಮೇಲೂ ಅದನ್ನು ಬೀಜದಂತೆಯೇ ಮುಚ್ಚಿಟ್ಟು, ತೇವವಾಗಿಟ್ಟು, ಕತ್ತಲ ಮೂಲೆಯಲ್ಲಿ ಉಳಿಸಿದರೆ ಸಸಿ ನೂಲಿನಂತೆ ಉದ್ದವಾಗಿ ಬುಡದಲ್ಲಿ ಮಡಚಿ ಬೀಳುತ್ತದೆ. ನಾನು ಮೊದಲ ಸಲ ಬಿತ್ತಿದಾಗ ತಟ್ಟೆಯನ್ನು ಮುಚ್ಚಿ ಫ್ರಿಜ್ಜಿನ ಮೇಲಿಟ್ಟು, ಮೊಳಕೆ ಬರುವ ಹೊತ್ತಿಗೆ ಹೊಳಲ್ಕೆರೆಗೆ ಮದುವೆಗೆಂದು ಹೋಗಿ ಮೂರು ದಿನ ಬಿಟ್ಟು ಬಂದಿದ್ದೆ. ಬಂದು ಮುಚ್ಚಳ ತೆಗೆದಾಗ ಅರವತ್ತಕ್ಕೂ ಹೆಚ್ಚು ಬಿಳಿಚಿದ ಸಸಿಗಳು ಒಂದರ ಮೇಲೊಂದು ಒರಗಿಕೊಂಡಿದ್ದವು, ಅವುಗಳಲ್ಲಿ ಒಂದೂ ಉಳಿಯಲಿಲ್ಲ. ಮುಂದೆ ಬರೆದಿರುವುದೆಲ್ಲ ಆ ನಷ್ಟದ ನಂತರ ಕಲಿತದ್ದು.

ಹೊರಗೆ ಮಡಿ ಮಾಡಿ ಬಿತ್ತಬಹುದಲ್ಲ, ಮನೆಯೊಳಗೇಕೆ ಎಂದು ಕೇಳುವವರಿದ್ದಾರೆ. ಹೊಲ ಇದ್ದವರಿಗೆ, ನೆರಳು ಬಲೆ ಕಟ್ಟಬಲ್ಲವರಿಗೆ ಮಡಿಯೇ ಸರಿ. ಆದರೆ ದಾವಣಗೆರೆಯಂತಹ ಊರಿನಲ್ಲಿ ಮಹಡಿ ಮೇಲೆ ನಾಲ್ಕು ಕುಂಡ ಇಟ್ಟುಕೊಂಡವರಿಗೆ ಏಪ್ರಿಲ್ ತಿಂಗಳ ತಾರಸಿ ಕಾದ ಹಂಚಿನಂತಿರುತ್ತದೆ. ಅರ್ಧ ಸೆಂಟಿಮೀಟರ್ ಆಳದಲ್ಲಿರುವ ಬೀಜ ಬೆಳಿಗ್ಗೆ ನೆನೆದು ಮಧ್ಯಾಹ್ನಕ್ಕೆ ಒಣಗಿ ಸಾಯುತ್ತದೆ, ಉಳಿದದ್ದನ್ನು ಅಳಿಲು ಕೆದಕುತ್ತದೆ. ಇದೇ ತಿಂಗಳಲ್ಲಿ ಬಿತ್ತದಿದ್ದರೆ ಮುಂಗಾರಿಗೆ ಸಸಿ ಸಿದ್ಧವಾಗುವುದಿಲ್ಲ. ಏಪ್ರಿಲ್ ಮೂರನೆಯ ವಾರ ಬಿತ್ತಿದ ಬೀಜ ಎಂಟು ಹತ್ತು ದಿನಕ್ಕೆ ಮೊಳೆತು, ಸುಮಾರು ನಲವತ್ತು ದಿನದ ಸಸಿಯಾಗಿ ಮೃಗಶಿರ ಮಳೆಯ ಹೊತ್ತಿಗೆ, ಅಂದರೆ ಜೂನ್ 8ರ ಆಸುಪಾಸಿಗೆ, ನಾಟಿಗೆ ಬರುತ್ತದೆ. ಆ ಲೆಕ್ಕ ತಪ್ಪಬಾರದೆಂದೇ ಮನೆಯೊಳಗಿನ ಈ ಆರೈಕೆ.

ಬೀಜದ ಆಯ್ಕೆಯಲ್ಲಿ ಆತುರ ಬೇಡ. ಸಂಜೆ ಮಂಡಕ್ಕಿಯ ಜೊತೆ ತಿನ್ನುವ ಮೆಣಸಿನಕಾಯಿಗೆಂದು ಸಂತೆಯಿಂದ ತರುವ ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ, ಅದನ್ನು ಬಿತ್ತಿ ಪ್ರಯೋಜನವಿಲ್ಲ. ಗಿಡದಲ್ಲಿಯೇ ಪೂರ್ತಿ ಕೆಂಪಾಗಿ ಹಣ್ಣಾದ ಕಾಯಿಯಿಂದ ಬೀಜ ಬಿಡಿಸಿ ನೆರಳಿನಲ್ಲಿ ಒಣಗಿಸಿಕೊಳ್ಳಬೇಕು. ಬ್ಯಾಡಗಿ ಕಾಯಿ ಬೇಕೆನ್ನುವವರು ಆ ವರ್ಷದ ಸುಗ್ಗಿಯಲ್ಲಿ ಬಿಸಿಲಿಗೆ ಒಣಗಿದ ಕಾಯಿಯನ್ನು ಪರಿಚಯದ ರೈತರಿಂದ ಪಡೆಯುವುದು ಒಳ್ಳೆಯದು; ಅಂಗಡಿಯ ಡಬ್ಬದಲ್ಲಿ ಎಷ್ಟು ವರ್ಷದಿಂದ ಇದೆಯೋ ತಿಳಿಯದ ಕಾಯಿಯ ಬೀಜ ಮೊಳೆಯುವ ಭರವಸೆಯಿಲ್ಲ. ಹೈಬ್ರಿಡ್ ಗಿಡದ ಬೀಜವನ್ನು ಮತ್ತೆ ಬಿತ್ತಿದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ. ಒಂದೇ ತಾರಸಿಯಲ್ಲಿ ಎರಡು ಮೂರು ಬಗೆಯ ಮೆಣಸಿನ ಗಿಡಗಳಿದ್ದರೆ ಜೇನು, ಇರುವೆಗಳಿಂದ ಪರಾಗ ಬೆರೆತು ಮುಂದಿನ ಪೀಳಿಗೆ ಮಿಶ್ರವಾಗುವುದುಂಟು. ಪೊಟ್ಟಣದ ಬೀಜ ಕೊಳ್ಳುವವರು ಬಳಕೆಯ ಅವಧಿಯನ್ನು ಓದಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಹೆಸರಿನ ತಳಿಗಳು ನಮ್ಮ ಭಾಗದ ರೈತರಿಗೂ ಪರಿಚಿತವೇ. ಒಣಮೆಣಸಿನಕಾಯಿಯಿಂದ ಬೀಜ ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆಯುವವರೆಗೆ ಕಣ್ಣು ಮುಟ್ಟದಿರುವುದು ಕ್ಷೇಮ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಹೊರಗೆ ಕುಳಿತು ಮಾಡಬೇಕು.

ತಟ್ಟೆ ತುಂಬ ಬಿತ್ತುವ ಮೊದಲು ಬೀಜವನ್ನು ಪರೀಕ್ಷಿಸುವುದು ಹತ್ತು ದಿನಗಳ ಶ್ರಮವನ್ನು ಉಳಿಸುತ್ತದೆ. ಹೆಸರುಕಾಳಿಗೆ ಮೊಳಕೆ ಕಟ್ಟುವ ಹಾಗೆಯೇ ಹಳೆಯ ಪಂಚೆಯ ತುಂಡನ್ನು ನೆನೆಸಿ ಗಟ್ಟಿಯಾಗಿ ಹಿಂಡಿ, ಇಪ್ಪತ್ತು ಬೀಜಗಳನ್ನು ಒಂದಕ್ಕೊಂದು ತಾಗದಂತೆ ಹರಡಿ ಮಡಚಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳವನ್ನು ಸಡಿಲವಾಗಿ ಹಾಕಬೇಕು. ಪ್ರತಿದಿನ ಒಮ್ಮೆ ತೆರೆದು ಗಾಳಿಯಾಡಿಸಿ, ಬಟ್ಟೆ ಒಣಗಿದ್ದರೆ ಮಾತ್ರ ಚಿಮುಕಿಸಬೇಕು. ಪ್ರಮಾಣೀಕೃತ ಮೆಣಸಿನಕಾಯಿ ಬೀಜಕ್ಕೆ ನಮ್ಮ ದೇಶದಲ್ಲಿ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಶೇಕಡಾ 60. ಟೊಮೆಟೊ ಮತ್ತು ಬದನೆಗೆ ಅದು 70. ಆದ್ದರಿಂದ ಇಪ್ಪತ್ತರಲ್ಲಿ ಹನ್ನೆರಡು ಮೊಳೆತರೆ ಬೀಜ ಯೋಗ್ಯವೆಂದೇ ತಿಳಿದು, ಬೇಕಾದ ಸಸಿಗಳ ಎರಡು ಪಟ್ಟು ಬೀಜ ಬಿತ್ತಬಹುದು. ಬಟ್ಟೆಯಲ್ಲಿ ಮೊಳೆತ ಬೀಜಗಳನ್ನು ಎಸೆಯಬೇಕಿಲ್ಲ. ಬೇರಿನ ತುದಿ ಎಳ್ಳುಕಾಳಿನಷ್ಟು ಉದ್ದವಾದಾಗಲೇ ಒದ್ದೆ ಕಡ್ಡಿಯ ತುದಿಯಿಂದ ಎತ್ತಿ, ಬೇರು ಕೆಳಮುಖವಾಗಿ ತಟ್ಟೆಯ ಗುಳಿಗೆ ಇಳಿಸಬೇಕು. ಬೇರು ಬಟ್ಟೆಯ ನೂಲಿನೊಳಗೆ ಹೊಕ್ಕ ಮೇಲೆ ಬಿಡಿಸಲು ಹೋದರೆ ಅದು ಮುರಿಯುತ್ತದೆ.

ತಟ್ಟೆಗೆ ತುಂಬುವ ಮಾಧ್ಯಮದ ವಿಷಯದಲ್ಲಿ ನಮ್ಮ ಜಿಲ್ಲೆಯವರು ಒಂದು ಅಭ್ಯಾಸವನ್ನು ಬಿಡಬೇಕು. ಎರೆಮಣ್ಣು ಬೆಳೆಗೆ ಎಷ್ಟೇ ಒಳ್ಳೆಯದಾದರೂ ಪುಟ್ಟ ಗುಳಿಯಲ್ಲಿ ಅದು ನೆನೆದರೆ ಅಂಟಾಗುತ್ತದೆ, ಒಣಗಿದರೆ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೂರು ಪಾಲು ಮತ್ತು ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಸಾಕು. ಇಟ್ಟಿಗೆಯ ರೂಪದಲ್ಲಿ ಸಿಗುವ 650 ಗ್ರಾಂ ಕೋಕೋಪೀಟ್ ನೆನೆದಾಗ ಸುಮಾರು 8 ಲೀಟರಿನಷ್ಟು ಉಬ್ಬುತ್ತದೆ. ಅಗ್ಗದ ಪುಡಿಯಲ್ಲಿ ಉಪ್ಪಿನಂಶ ಉಳಿದಿರುತ್ತದೆಯಾದ್ದರಿಂದ ಅದನ್ನು ಎರಡು ಸಲ ನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿ ಹಿಂಡಿ ಬಳಸಬೇಕು. ಮುಷ್ಟಿಯಲ್ಲಿ ಹಿಡಿದು ಹಿಸುಕಿದಾಗ ಒಂದೆರಡು ಹನಿ ಮಾತ್ರ ಬೀಳುವುದು ಸರಿಯಾದ ಹದ. ಧಾರೆಯಾಗಿ ಸುರಿದರೆ ಬೀಜಕ್ಕೆ ಉಸಿರಾಡಲು ಗಾಳಿಯಿಲ್ಲದೆ ಅದು ಕೊಳೆಯುತ್ತದೆ. ರೈತರು ಬಳಸುವ 98 ಗುಳಿಗಳ ಪ್ರೋಟ್ರೇ ಎಂಬ ಪ್ಲಾಸ್ಟಿಕ್ ಸಸಿ ತಟ್ಟೆ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ತಳಕ್ಕೆ ತೂತು ಮಾಡಿದ ಕಾಗದದ ಟೀ ಲೋಟಗಳೂ ಆಗುತ್ತವೆ, ತೂತು ಮಾಡುವುದನ್ನು ಮಾತ್ರ ಮರೆಯಬಾರದು.

ನೀರಿನ ಬಗ್ಗೆ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯವರು ಇನ್ನಷ್ಟು ಎಚ್ಚರವಾಗಿರಬೇಕು. ಅಲ್ಲಿನ ಬೋರ್‌ವೆಲ್ ನೀರು ಬಹುತೇಕ ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ಗುಳಿಯ ಮೇಲ್ಭಾಗದಲ್ಲಿಯೂ ಕಟ್ಟುತ್ತದೆ ಮತ್ತು ಎಳೆಯ ಎಲೆಯ ಅಂಚು ಸುಡುತ್ತದೆ. ಸಸಿಗೆ ಬೇಕಾಗುವ ನೀರು ದಿನಕ್ಕೆ ಒಂದೆರಡು ಲೋಟ ಮಾತ್ರವಾದ್ದರಿಂದ ಶುದ್ಧ ನೀರಿನ ಘಟಕದಿಂದ ಕುಡಿಯಲೆಂದು ತಂದ ನೀರಿನಲ್ಲಿಯೇ ಅಷ್ಟನ್ನು ತೆಗೆದಿಡಬಹುದು. ಮಳೆನೀರು ಸಿಕ್ಕರೆ ಅದಕ್ಕಿಂತ ಉತ್ತಮವಾದುದಿಲ್ಲ. ನಲ್ಲಿಯಲ್ಲಿ ಬರುವ ನೀರಿಗೆ ಕ್ಲೋರಿನ್ ವಾಸನೆಯಿದ್ದರೆ ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ಬಳಸಬೇಕು.

ಬಿತ್ತುವ ಹಿಂದಿನ ರಾತ್ರಿ ಬೀಜವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಚಿಟಿಕೆ ಟ್ರೈಕೋಡರ್ಮಾ ಪುಡಿಯನ್ನು ಸವರಿ ನೆರಳಿನಲ್ಲಿ ಆರಿಸಬೇಕು. ಟ್ರೈಕೋಡರ್ಮಾ ಎನ್ನುವುದು ಬುಡ ಕೊಳೆಸುವ ಶಿಲೀಂಧ್ರಗಳನ್ನು ತಡೆಯುವ ಇನ್ನೊಂದು ಶಿಲೀಂಧ್ರ. ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಪ್ರತಿ ಗುಳಿಗೆ ಎರಡು ಬೀಜದಂತೆ, ಅರ್ಧದಿಂದ ಒಂದು ಸೆಂಟಿಮೀಟರ್ ಆಳದಲ್ಲಿಟ್ಟು ಮೇಲೆ ಕೋಕೋಪೀಟ್ ಪುಡಿ ಉದುರಿಸಿ, ತಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಈ ಹಂತದಲ್ಲಿ ಬೆಳಕಿನ ಅಗತ್ಯವಿಲ್ಲ. ಮಾಧ್ಯಮದ ಉಷ್ಣಾಂಶ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಏಳರಿಂದ ಹತ್ತು ದಿನಕ್ಕೆ ಮೊಳಕೆ ಕಾಣಿಸುತ್ತದೆ. 20ಕ್ಕೆ ಇಳಿದರೆ ಎರಡು ವಾರ ಮೀರುತ್ತದೆ, 15ರ ಕೆಳಗೆ ಬೀಜ ಕದಲುವುದೇ ಇಲ್ಲ. ಹೀಗಾಗಿ ತಟ್ಟೆ ಇಡುವ ಜಾಗ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಜನವರಿಯಲ್ಲಿ ಬಿತ್ತುವವರಿಗೆ ಫ್ರಿಜ್ಜಿನ ಮೇಲ್ಭಾಗ ಅಥವಾ ಅಡುಗೆಮನೆಯ ಅಟ್ಟ ಹೇಳಿ ಮಾಡಿಸಿದ ಜಾಗ. ಏಪ್ರಿಲ್‌ನಲ್ಲಿ ಅದೇ ಜಾಗ ಬೀಜವನ್ನು ಬೇಯಿಸುತ್ತದೆ, ಆಗ ಮನೆಯ ತಂಪಾದ ಕೋಣೆಯ ನೆಲವೇ ಸೂಕ್ತ. ಶೀಟಿನ ಮಾಡಿರುವ ಕೋಣೆಯಲ್ಲಿ ಬೇಸಿಗೆಯ ಬಿತ್ತನೆ ಬೇಡ.

ಐದನೆಯ ದಿನದಿಂದ ಬೆಳಿಗ್ಗೆ ಮತ್ತು ಸಂಜೆ ಹಾಳೆ ಎತ್ತಿ ನೋಡಲೇಬೇಕು. ಕಾಂಡ ಕೊಂಡಿಯಂತೆ ಬಾಗಿ ಮೇಲೆದ್ದ ಮೊದಲ ಸಸಿ ಕಂಡ ದಿನವೇ ಮುಚ್ಚಿಗೆಯನ್ನು ತೆಗೆದು ತಟ್ಟೆಯನ್ನು ಬೆಳಕಿಗೆ ತರಬೇಕು, ಉಳಿದವು ಬರಲೆಂದು ಕಾಯಬಾರದು. ತಡವಾಗಿ ಮೊಳೆಯುವ ಬೀಜಗಳು ಬೆಳಕಿನಲ್ಲಿಯೂ ಮೊಳೆಯುತ್ತವೆ, ಆದರೆ ಮೊದಲು ಬಂದ ಸಸಿ ಕತ್ತಲಲ್ಲಿ ಒಂದು ದಿನ ಎಳೆದುಕೊಂಡರೆ ಆಮೇಲೆ ಗಿಡ್ಡವಾಗುವುದಿಲ್ಲ. ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡೇ ಬರುತ್ತವೆ; ಉಗುರಿನಿಂದ ಕೀಳದೆ, ಒಂದು ಹನಿ ನೀರು ಬಿಟ್ಟು ಅರ್ಧ ಗಂಟೆ ನೆನೆಯಲು ಬಿಟ್ಟರೆ ಸಿಪ್ಪೆ ತಾನಾಗಿ ಜಾರುತ್ತದೆ.

ಯಾವ ಕಿಟಕಿ ಎಂಬ ಪ್ರಶ್ನೆಗೆ ಉತ್ತರ ತಿಂಗಳ ಮೇಲೆ ನಿಂತಿದೆ. ದಕ್ಷಿಣದ ಕಿಟಕಿಯೇ ಶ್ರೇಷ್ಠವೆಂದು ಬೇರೆ ದೇಶಗಳವರು ಬರೆದದ್ದನ್ನು ಓದಿ ನಮ್ಮವರೂ ಹಾಗೆಯೇ ಮಾಡುತ್ತಾರೆ. ದಾವಣಗೆರೆ, ಚಿತ್ರದುರ್ಗಗಳು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಏಪ್ರಿಲ್ ಕೊನೆಯ ವೇಳೆಗೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಆಗಸ್ಟ್ ಮಧ್ಯದವರೆಗೆ ಅಲ್ಲಿಯೇ ಇರುತ್ತಾನೆ. ಆ ಮೂರೂವರೆ ತಿಂಗಳು ದಕ್ಷಿಣದ ಕಿಟಕಿಯಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಮುಂಗಾರಿನ ಸಸಿಗಳಿಗೆ ಪೂರ್ವದ ಕಿಟಕಿಯ ಬೆಳಗಿನ ಬಿಸಿಲೇ ಹಿತ. ನವೆಂಬರಿನಿಂದ ಫೆಬ್ರವರಿಯವರೆಗೆ ಬಿತ್ತುವವರಿಗೆ ದಕ್ಷಿಣದ ಕಿಟಕಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಪಶ್ಚಿಮದ ಮಧ್ಯಾಹ್ನದ ಬಿಸಿಲು ಗಾಜಿನೊಳಗಿಂದ ಬಂದರೆ ಎಳೆಯ ಎಲೆ ಸುಟ್ಟುಹೋಗುತ್ತದೆ.

ಒತ್ತಾಗಿ ಮನೆಗಳಿರುವ ಬೀದಿಯಲ್ಲಿ ಯಾವ ಕಿಟಕಿಗೂ ಬಿಸಿಲು ಬಾರದಿದ್ದರೆ 20 ವ್ಯಾಟಿನ ಎರಡು ಬಿಳಿ ಎಲ್‌ಇಡಿ ಟ್ಯೂಬ್‌ಲೈಟುಗಳನ್ನು ಸಸಿಯ ತುದಿಯಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ತೂಗುಹಾಕಿ, ಸಸಿ ಬೆಳೆದಂತೆಲ್ಲ ಮೇಲಕ್ಕೆತ್ತುತ್ತ ದಿನಕ್ಕೆ 14ರಿಂದ 16 ಗಂಟೆ ಉರಿಸಬೇಕು. ಚಾವಣಿಗೆ ಹಾಕಿದ ದೀಪ ನಮ್ಮ ಕಣ್ಣಿಗೆ ಎಷ್ಟು ಪ್ರಕಾಶಮಾನವಾಗಿ ಕಂಡರೂ ಸಸಿಗೆ ಅದು ಮಬ್ಬೇ. ಹದಿನೈದು ಗಂಟೆ ಉರಿದರೆ ಎರಡು ಟ್ಯೂಬಿಗೂ ಸೇರಿ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ನಡುವೆ ಕರೆಂಟು ಹೋದರೆ ಚಿಂತೆಯಿಲ್ಲ, ಬಂದ ಮೇಲೆ ಅಷ್ಟು ಹೊತ್ತು ಹೆಚ್ಚು ಉರಿಸಿದರಾಯಿತು. ಆದರೆ ರಾತ್ರಿ ಎಂಟು ಗಂಟೆಗಳ ಕಾಲ ಸಸಿಗೆ ಕತ್ತಲು ಕೊಡಬೇಕು.

ಬೆಳಕಿನ ನಂತರದ ಶತ್ರು ನೀರು ಹಾಕುವ ನಮ್ಮ ಕೈಯೇ. ಸಸಿ ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಬುಡದಲ್ಲಿ ನೀರುಗಟ್ಟಿ, ದಾರದಂತೆ ಸಣಕಲಾಗಿ ಬಿದ್ದಿದ್ದರೆ ಅದು ಸಸಿ ಕೊಳೆ ರೋಗ. ಪಿಥಿಯಮ್, ರೈಜೋಕ್ಟೋನಿಯಾ ಮುಂತಾದ ಶಿಲೀಂಧ್ರಗಳು ಸದಾ ಒದ್ದೆಯಾಗಿರುವ, ಗಾಳಿಯಾಡದ ಮಾಧ್ಯಮದಲ್ಲಿ ಹಬ್ಬುತ್ತವೆ. ಬಿದ್ದ ಸಸಿಗೆ ಚಿಕಿತ್ಸೆಯಿಲ್ಲ. ಅದನ್ನು ಗುಳಿಯ ಸಮೇತ ತೆಗೆದು ದೂರ ಎಸೆದು, ಉಳಿದವನ್ನು ಒಂದು ದಿನ ಒಣಗಲು ಬಿಡಬೇಕು. ನೀರನ್ನು ಮೇಲಿನಿಂದ ಸುರಿಯದೆ, ಅಗಲವಾದ ತಟ್ಟೆಯಲ್ಲಿ ಬೆರಳುಗಣ್ಣಿನಷ್ಟು ನೀರು ನಿಲ್ಲಿಸಿ ಪ್ರೋಟ್ರೇಯನ್ನು ಹದಿನೈದು ನಿಮಿಷ ಅದರಲ್ಲಿಟ್ಟು ಎತ್ತಿದರೆ ಬೇರಿಗೆ ಬೇಕಾದಷ್ಟು ನೀರು ಸಿಕ್ಕಿ ಮೇಲ್ಮೈ ಒಣಗಿಯೇ ಉಳಿಯುತ್ತದೆ. ಮುಂದಿನ ನೀರನ್ನು ತಟ್ಟೆ ಎತ್ತಿದಾಗ ಹಗುರವೆನಿಸಿದ ಮೇಲೆ ಕೊಡಬೇಕು. ದಿನಕ್ಕೆ ಎರಡು ಮೂರು ಗಂಟೆ ಫ್ಯಾನಿನ ಮೆಲುಗಾಳಿ ತಾಗಿದರೆ ರೋಗವೂ ದೂರ, ಕಾಂಡವೂ ದಪ್ಪವಾಗುತ್ತದೆ.

ಮೊದಲ ಎರಡು ಉದ್ದನೆಯ ಎಲೆಗಳು ಬೀಜದೊಳಗಿನಿಂದಲೇ ಬಂದವು, ಅವೆರಡೇ ಇರುವವರೆಗೆ ಗೊಬ್ಬರ ಬೇಡ. ನಿಜವಾದ ಎಲೆಗಳು ಎರಡು ಜೊತೆ ಬಂದ ಮೇಲೆ ಪ್ರತಿ ಗುಳಿಯಲ್ಲಿ ಬಲವಾದ ಒಂದನ್ನು ಉಳಿಸಿ, ಇನ್ನೊಂದನ್ನು ಕೀಳದೆ ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಉಳಿಯಬೇಕಾದ ಸಸಿಯ ಬೇರೂ ಅಲುಗುತ್ತದೆ. ಆಮೇಲೆ ವಾರಕ್ಕೊಮ್ಮೆ, ರೈತರು 19 ಆಲ್ ಎಂದು ಕರೆಯುವ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ಕೊಡಬಹುದು. ಚಿಗುರೆಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಎರಡಕ್ಕೂ ಆರಂಭದಲ್ಲಿ ಲೀಟರ್ ನೀರಿಗೆ ಎರಡು ಮೂರು ಮಿಲಿ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸುವುದು ನೆರವಾಗುತ್ತದೆ. ಬೀಡಿ, ಗುಟ್ಕಾ, ತಂಬಾಕು ಮುಟ್ಟಿದ ಕೈಯಿಂದ ಸಸಿಗಳನ್ನು ಮುಟ್ಟಲೇಬಾರದು. ತಂಬಾಕಿನ ಮೊಸಾಯಿಕ್ ನಂಜು, ಅಂದರೆ ವೈರಸ್, ಆ ಕೈಯ ಮೂಲಕ ಮೆಣಸಿನ ಗಿಡಕ್ಕೂ ಅಂಟುತ್ತದೆ, ಅಂಟಿದ ಮೇಲೆ ಔಷಧವಿಲ್ಲ. ಈ ಮಾತನ್ನು ಮನೆಗೆ ಬಂದ ಹಿರಿಯರಿಗೆ ಹೇಳಲು ಸಂಕೋಚವಾದರೂ ನಾನು ಹೇಳುತ್ತೇನೆ, ಕೈ ತೊಳೆಯಲು ಸೋಪು ಕೊಟ್ಟೇ ತಟ್ಟೆ ತೋರಿಸುತ್ತೇನೆ.

ನಾಟಿಗೆ ಹತ್ತು ದಿನ ಮೊದಲು ಸಸಿಗಳನ್ನು ಹೊರಗಿನ ಬದುಕಿಗೆ ಒಗ್ಗಿಸಲು ತೊಡಗಬೇಕು. ಮೊದಲ ದಿನ ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಹೆಚ್ಚಿಸುತ್ತ ಹೋಗಿ ಕೊನೆಯ ಎರಡು ದಿನ ರಾತ್ರಿಯೂ ಹೊರಗೇ ಬಿಡಬೇಕು, ನೀರನ್ನು ಸ್ವಲ್ಪ ಕಡಿಮೆ ಮಾಡಬೇಕು. ಎಲೆ ಬೆಳ್ಳಗೆ ಕಲೆಯಾದರೆ ಬಿಸಿಲು ಹೆಚ್ಚಾಯಿತೆಂದು ಅರ್ಥ. ಜೂನ್, ಜುಲೈ ತಿಂಗಳ ಗಾಳಿಯ ರಭಸ, ಅದರಲ್ಲೂ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಚಿತ್ರದುರ್ಗದ ಗಾಳಿ, ಮನೆಯೊಳಗೆ ಬೆಳೆದ ಕಾಂಡವನ್ನು ಒಂದೇ ಮಧ್ಯಾಹ್ನದಲ್ಲಿ ತಿರುಚಿಬಿಡಬಲ್ಲದು. ಆದ್ದರಿಂದ ತಾರಸಿಯ ಗೋಡೆಯ ಮರೆಯಲ್ಲಿ ಕುಂಡ ಇರಲಿ, ನೆಟ್ಟ ದಿನವೇ ಪಕ್ಕದಲ್ಲಿ ಜೋಳದ ದಂಟೋ ಬಿದಿರು ಕಡ್ಡಿಯೋ ಊರಿ ಸಡಿಲವಾಗಿ ದಾರ ಕಟ್ಟಿರಲಿ.

ನಾಟಿಯನ್ನು ಮೋಡ ಕವಿದ ದಿನ ಅಥವಾ ಸಂಜೆ ಐದರ ನಂತರ ಮಾಡಬೇಕು. ಕೆಮ್ಮಣ್ಣು, ಕೊಳೆತ ಕೊಟ್ಟಿಗೆ ಗೊಬ್ಬರ ಮತ್ತು ಕೋಕೋಪೀಟ್ ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದ ಹನ್ನೆರಡು ಅಂಗುಲದ ಕುಂಡಕ್ಕೆ ಒಂದೇ ಸಸಿ. ಗುಳಿಯ ತಳವನ್ನು ಒತ್ತಿ, ಬೇರಿನ ಉಂಡೆ ಒಡೆಯದಂತೆ ಹೊರತೆಗೆದು, ತಟ್ಟೆಯಲ್ಲಿದ್ದಷ್ಟೇ ಆಳದಲ್ಲಿಟ್ಟು ಸುತ್ತ ಮಣ್ಣನ್ನು ಮೆಲ್ಲನೆ ಅದುಮಿ ನೀರು ಕೊಡಬೇಕು. ಮೂರು ದಿನ ಮಧ್ಯಾಹ್ನದ ಹೊತ್ತು ತೆಂಗಿನ ಗರಿಯ ನೆರಳು ಮಾಡಿ, ನಾಲ್ಕನೆಯ ದಿನ ಬೆಳಿಗ್ಗೆ ಚಿಗುರು ಸೆಟೆದು ನಿಂತಿದ್ದರೆ ಗರಿಯನ್ನು ತೆಗೆದುಬಿಡಬಹುದು.