ಕಾಯಿಲೆಗೆ ಹೆಸರಿಲ್ಲದ ಮಗುವಿಗೆ ಪ್ರವಾಸ ವಿಮೆ ಮಾಡಿಸುವುದು ಹೇಗೆ?

ನನ್ನ ತಂಗಿಯ ಮಗಳಿಗೆ ಆರು ವರ್ಷ. ಅವಳಿಗೆ ಆಗಾಗ ಫಿಟ್ಸ್ ಬರುತ್ತದೆ, ಕೈಕಾಲುಗಳಲ್ಲಿ ಬಲ ಕಡಿಮೆ, ನಡೆಯಲು ಕಲಿತದ್ದು ನಾಲ್ಕು ತುಂಬಿದ ಮೇಲೆ. ಎಂಆರ್‌ಐ, ಇಇಜಿ, ವಂಶವಾಹಿಗಳ ಎಕ್ಸೋಮ್ ಪರೀಕ್ಷೆ ಎಲ್ಲವೂ ಆಗಿದ್ದರೂ ಇದು ಇಂಥದೇ ಕಾಯಿಲೆ ಎಂದು ಹೇಳಲು ವೈದ್ಯರಿಗೆ ಇನ್ನೂ ಸಾಧ್ಯವಾಗಿಲ್ಲ. ಜರ್ಮನಿಯಲ್ಲಿರುವ ಅವಳ ದೊಡ್ಡಪ್ಪನ ಮನೆಗೆ ಹೊರಟು ಪ್ರವಾಸ ವಿಮೆಯ ಅರ್ಜಿ ತುಂಬಲು ಕುಳಿತಾಗ, ಕಾಯಿಲೆಯ ಹೆಸರನ್ನು ಆರಿಸಿ ಎಂದು ಒಂದು ಪಟ್ಟಿ ತೆರೆದುಕೊಂಡಿತು. ಅದರಲ್ಲಿ ಅವಳಿಗೆ ಹೊಂದುವ ಹೆಸರು ಒಂದೂ ಇರಲಿಲ್ಲ. ಫೋನಿನಲ್ಲಿದ್ದ ಏಜೆಂಟರು, “ಹೆಸರೇ ಇಲ್ಲ ಅಂದ್ಮೇಲೆ ಕಾಯಿಲೆ ಇಲ್ಲ ಅಂತಲೇ ಹಾಕ್ಬಿಡಿ ಮೇಡಂ” ಎಂದರು. ಇಂಥ ಮಗುವಿರುವ ಮನೆಯವರು ದಯವಿಟ್ಟು ಆ ಸಲಹೆಯನ್ನು ಕೇಳಬಾರದು.

ಕಾರಣ ವಿಮೆಯ ನಿಯಮದಲ್ಲೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರವು ಆರೋಗ್ಯ ವಿಮೆಗೆ ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ, ಪಾಲಿಸಿ ಆರಂಭವಾಗುವ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ ಕಾಯಿಲೆ ಮಾತ್ರವಲ್ಲ, ಆ ಅವಧಿಯಲ್ಲಿ ವೈದ್ಯರ ಸಲಹೆ ಅಥವಾ ಚಿಕಿತ್ಸೆ ಪಡೆದ ಯಾವುದೇ ತೊಂದರೆಯೂ ‘ಮೊದಲೇ ಇದ್ದ ಕಾಯಿಲೆ’ ಎನಿಸಿಕೊಳ್ಳುತ್ತದೆ. ಪ್ರವಾಸ ಪಾಲಿಸಿಗೆ ಈ 36 ತಿಂಗಳ ಮಿತಿ ಅನ್ವಯಿಸದೆ ಇರಬಹುದು, ಅದರ ಷರತ್ತುಗಳಲ್ಲಿರುವ ವ್ಯಾಖ್ಯೆಯನ್ನೇ ನೋಡಬೇಕು. ಫಿಟ್ಸ್‌ಗೆ ದಿನಕ್ಕೆ ಎರಡು ಹೊತ್ತು ಸಿರಪ್ ಕುಡಿಯುವ ಮಗುವಿನ ತೊಂದರೆಗೆ ಹೆಸರು ಸಿಕ್ಕಿರಲಿ, ಸಿಗದಿರಲಿ, ವಿಮಾ ಕಂಪನಿಯ ಕಣ್ಣಿಗೆ ಅದು ಹಳೆಯ ಕಾಯಿಲೆಯೇ. ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದು, ಆಮೇಲೆ ಹೊರದೇಶದ ಆಸ್ಪತ್ರೆ ಹಳೆಯ ದಾಖಲೆ ಕೇಳಿದಾಗ ಸತ್ಯ ಹೊರಬಿದ್ದರೆ, ವಿಷಯ ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ಇಡೀ ಕ್ಲೇಮ್ ತಿರಸ್ಕೃತವಾಗಬಹುದು.

ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ಮಾಡಬೇಕಾದ ಕೆಲಸವೆಂದರೆ ಮಗುವನ್ನು ನೋಡುತ್ತಿರುವ ವೈದ್ಯರಿಂದ ಒಂದು ಪತ್ರ ಪಡೆಯುವುದು. ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ತೋರಿಸುತ್ತಿರುವವರು ಮುಂದಿನ ಭೇಟಿಯ ದಿನವೇ ಇದನ್ನು ಕೇಳಿಬಿಡುವುದು ಒಳ್ಳೆಯದು. ನಮ್ಮ ಹುಡುಗಿಯ ಪತ್ರ ಇಂಗ್ಲಿಷಿನಲ್ಲಿ ಒಂದೇ ಪುಟ, ಲೆಟರ್‌ಹೆಡ್ಡಿನ ಮೇಲೆ, ಸಹಿ ಮತ್ತು ನೋಂದಣಿ ಸಂಖ್ಯೆಯ ಮೊಹರಿನೊಂದಿಗೆ ಇತ್ತು. ಕಾಯಿಲೆಯ ಮೂಲ ಇನ್ನೂ ಗೊತ್ತಾಗಿಲ್ಲ ಎಂಬುದನ್ನು ನೇರವಾಗಿ ಹೇಳಿ, ಅದರ ಕೆಳಗೆ ಲಕ್ಷಣಗಳನ್ನು ಒಂದೊಂದಾಗಿ, ಕೊನೆಯ ಬಾರಿ ಫಿಟ್ಸ್ ಬಂದ ದಿನಾಂಕ, ಕೊನೆಯ ಬಾರಿ ಆಸ್ಪತ್ರೆಗೆ ಸೇರಿಸಿದ ದಿನಾಂಕ, ಔಷಧಗಳ ಜೆನೆರಿಕ್ ಹೆಸರು (ಬ್ರಾಂಡ್ ಅಲ್ಲದ, ಔಷಧದ ಮೂಲ ಹೆಸರು) ಮತ್ತು ಪ್ರಮಾಣ, ಬರಬೇಕಾಗಿರುವ ಪರೀಕ್ಷಾ ವರದಿ ಯಾವುದು ಎಂಬುದನ್ನು ಬರೆದಿದ್ದರು. ಕೊನೆಯ ಸಾಲು ಬಹಳ ಮುಖ್ಯ: ಮಗುವಿನ ಸ್ಥಿತಿ ಈಗ ಸ್ಥಿರವಾಗಿದೆ, ವಿಮಾನ ಪ್ರಯಾಣಕ್ಕೆ ಅಡ್ಡಿಯಿಲ್ಲ. ವೈದ್ಯರು ಈ ಮಾತು ಬರೆಯಲು ಹಿಂಜರಿದರೆ ಪ್ರವಾಸವನ್ನೇ ಮುಂದೂಡುವುದು ಸರಿ, ಏಕೆಂದರೆ ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟವರಿಗೆ ಪ್ರವಾಸ ಪಾಲಿಸಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಪತ್ರ ಕೈಗೆ ಬಂದ ಮೇಲೆ ಅದರಲ್ಲಿರುವ ಪದಗಳನ್ನೇ ಅರ್ಜಿಗೆ ಇಳಿಸಬೇಕು. ಕಾಯಿಲೆಯ ಹೆಸರನ್ನು ನೀವೇ ಊಹಿಸಿ ತುಂಬಬೇಡಿ. ‘ಇತರೆ’ ಎಂಬುದನ್ನು ಆರಿಸಿ, ಲಕ್ಷಣಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ಆನ್‌ಲೈನ್ ಅರ್ಜಿಯಲ್ಲಿ ಬರೆಯಲು ಜಾಗವೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಪತ್ರವನ್ನು ಲಗತ್ತಿಸಿ ಕಂಪನಿಗೆ ಇಮೇಲ್ ಕಳುಹಿಸಿ. ಈ ಮಗುವಿಗೆ ಪಾಲಿಸಿ ಕೊಡುತ್ತೀರಾ, ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿಸಿದರೆ ಎಷ್ಟು ಮೊತ್ತದವರೆಗೆ ಕೊಡುತ್ತೀರಿ, ಯಾವುದನ್ನು ಹೊರಗಿಡುತ್ತೀರಿ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಕೇಳಿ. ಫೋನಿನಲ್ಲಿ ಕೊಟ್ಟ ಭರವಸೆ ಕ್ಲೇಮ್ ಸಮಯದಲ್ಲಿ ನೆರವಿಗೆ ಬರುವುದಿಲ್ಲ.

ಪಾಲಿಸಿಯ ಷರತ್ತುಗಳನ್ನು ಓದುವಾಗ ಹೆಚ್ಚಿನ ಗಮನ ಬೇಕಾದದ್ದು ಇಲ್ಲಿ. ನಮ್ಮ ದೇಶದ ಎಷ್ಟೋ ಪ್ರವಾಸ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಯನ್ನು ಪೂರ್ತಿ ಹೊರಗಿಡುತ್ತವೆ. ಕೆಲವು, ಜೀವಕ್ಕೆ ಅಪಾಯವಾಗುವ ತುರ್ತು ಸ್ಥಿತಿಯಲ್ಲಿ ಮಾತ್ರ, ಅದೂ ಒಟ್ಟು ವಿಮಾ ಮೊತ್ತದ ಒಂದು ಸಣ್ಣ ಭಾಗದವರೆಗೆ ಕೊಡುತ್ತವೆ. ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು ಎಂಬುದು ಎಲ್ಲರಿಗೂ ಗೊತ್ತು, ಆದರೆ ಪ್ರಮಾಣಪತ್ರದ ಮೇಲೆ ಆ ಮೊತ್ತ ಕಂಡ ಮಾತ್ರಕ್ಕೆ ಮಗುವಿನ ಫಿಟ್ಸ್‌ಗೂ ಅಷ್ಟು ಹಣ ಸಿಗುತ್ತದೆ ಎಂದು ನಂಬಿ ಹೊರಡುವವರಿದ್ದಾರೆ. ವೀಸಾಕ್ಕೆ ಸಾಕಾಗುವ ಪಾಲಿಸಿ ಮಗುವಿಗೆ ಸಾಕಾಗಬೇಕೆಂದಿಲ್ಲ. ಆದ್ದರಿಂದ ಪ್ರೀಮಿಯಂ ಎಷ್ಟು ಎಂದು ನೋಡುವ ಮೊದಲು ಮೊದಲೇ ಇದ್ದ ಕಾಯಿಲೆಗೆ ಕೊಡುವ ಗರಿಷ್ಠ ಮೊತ್ತ, ಅಂದರೆ ಉಪಮಿತಿ, ಎಷ್ಟು ಎಂದು ನೋಡಿ. ಮಗುವಿಗೆ ಹುಷಾರಿಲ್ಲದೆ ಪ್ರವಾಸ ರದ್ದಾದರೆ ಟಿಕೆಟ್ ಹಣ ಬರುತ್ತದೆಯೇ ಎಂಬುದನ್ನೂ ಬೇರೆಯಾಗಿ ಕೇಳಬೇಕು.

ಎಲ್ಲ ಕಂಪನಿಗಳೂ ಹಳೆಯ ತೊಂದರೆಯನ್ನು ಹೊರಗಿಟ್ಟರೂ ಪಾಲಿಸಿ ವ್ಯರ್ಥವಲ್ಲ. ಬಿದ್ದು ಮೂಳೆ ಮುರಿದರೆ, ಹೊಸದಾಗಿ ಜ್ವರ ಬಂದರೆ ಅದು ನೆರವಾಗುತ್ತದೆ. ಹೊರಗುಳಿದ ಭಾಗಕ್ಕಾಗಿ ಹಣವನ್ನು ಬೇರೆ ತೆಗೆದಿಡಬೇಕು. ನನ್ನ ತಂಗಿ ಹದಿನೈದು ದಿನದ ಪ್ರವಾಸವನ್ನು ಎಂಟು ದಿನಕ್ಕೆ ಇಳಿಸಿ, ಉಳಿದ ಹಣವನ್ನು ಅದಕ್ಕೆಂದೇ ಇಟ್ಟಳು.

ಹೊರಡುವ ದಿನ ವೈದ್ಯರ ಪತ್ರ, ಔಷಧ ಚೀಟಿ, ಪಾಲಿಸಿಯ ಪ್ರತಿ ಮತ್ತು ಸಹಾಯವಾಣಿಯ ಸಂಖ್ಯೆ ಕೈಚೀಲದಲ್ಲೇ ಇರಲಿ, ಔಷಧವೂ ಅಲ್ಲೇ ಇರಲಿ. ಯುರೋಪಿನಲ್ಲಿ ತುರ್ತಾದರೆ ಮೊದಲು 112ಕ್ಕೆ ಕರೆ ಮಾಡಿ, ಮಗುವನ್ನು ಆಸ್ಪತ್ರೆಗೆ ಸೇರಿಸಿದ ಕೂಡಲೇ ವಿಮಾ ಸಹಾಯವಾಣಿಗೆ ತಿಳಿಸಿ. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಅರ್ಜಿಯೊಂದಿಗೆ ಲಗತ್ತಿಸಬೇಕಾದ ಮೊದಲ ಕಾಗದ, ಪಾಲಿಸಿ ಕೊಳ್ಳುವ ಮೊದಲು ನೀವು ಕಂಪನಿಗೆ ಕಳುಹಿಸಿದ್ದ ಆ ಇಮೇಲ್.